ಸೆಕೆಂಡಿಗೆ ಐವತ್ತು ಸಲ

ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವುದರಲ್ಲಿ ಅತ್ತೆಗೆ ಮೂವತ್ತೊಂದು ವರ್ಷದ ಅನುಭವ. ಸುತ್ತಿದ್ದನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅಳಿಯನ ಕೆಲಸ. ಇಬ್ಬರದೂ ಒಂದೇ ಕಾರ್ಖಾನೆಯಾದ್ದರಿಂದ ನಡುವೆ ಮಗಳಿಗೆ ನೆಮ್ಮದಿ ಕಡಿಮೆ.

ಅಂದು ಅಳಿಯ ಹೋದ ವಾರ ಬಂದ ಹೊಸ ಅಳತೆಪೆಟ್ಟಿಗೆಯನ್ನು ಅತ್ತೆ ಸುತ್ತಿದ ಸುರುಳಿಗೆ ಜೋಡಿಸಿ ಹುಬ್ಬು ಗಂಟಿಕ್ಕಿದ.

"ನೂರಾಹತ್ತು ಬರ್ಬೇಕಾದ ಕಡೆ ಎಂಟು ವೋಲ್ಟು, ಅತ್ತೆ."

"ಎಂಟಾ? ಮಿಕ್ಕಿದ್ದನ್ನ ಬೆಕ್ಕು ತಿಂತಾ?"

ಸ್ವಲ್ಪ ಹೊತ್ತಿಗೆ ಎಪ್ಪತ್ತಾಯಿತು. ಅವನು ಟೀ ಮುಗಿಸುವಷ್ಟರಲ್ಲಿ ನೂರೈವತ್ತು.

ಈಚೆಗೆ ಅತ್ತೆಯ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಸುತ್ತಿನ ಎಣಿಕೆ ತಪ್ಪಿದ ದಿನ ಕೆಲಸ ಬಿಡುತ್ತೇನೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಆ ದಿನ ಬಂದೇಬಿಟ್ಟಿತೇ?

ಯಾರಿಗೂ ಹೇಳದೆ ಸುರುಳಿಯನ್ನು ಪೂರ್ತಿ ಬಿಚ್ಚಿ ಎಣಿಸಿದಳು. ನಾನೂರ ನಲವತ್ತು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮತ್ತೆ ಸುತ್ತಿ ಕೊಟ್ಟಳು. ಪೆಟ್ಟಿಗೆ ನೂರೈವತ್ತೊಂದು ಎಂದಿತು, ನೋಡನೋಡುತ್ತ ಇಳಿಯತೊಡಗಿತು. ಸುತ್ತು ಕಮ್ಮಿಯಾದರೆ ವೋಲ್ಟು ಕಮ್ಮಿ, ಸರಿ. ಆದರೆ ಹೀಗೆ ಏರಿ ಇಳಿಯುವುದು ಯಾವ ನ್ಯಾಯ? ಅವಳ ತಲೆ ಗೊಂದಲದ ಗೂಡಾಯಿತು.

ಕೊನೆಗೆ ಅವಳು ನೂರಾಹತ್ತು ವೋಲ್ಟಿನ ಬಲ್ಬೊಂದನ್ನು ಸಿಕ್ಕಿಸಿದಳು. ಪೆಟ್ಟಿಗೆ ಆರಕ್ಕೆ ಇಳಿದರೂ ಬಲ್ಬು ಕಣ್ಣು ಮಿಟುಕಿಸಲಿಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಳಿಯಂದ್ರೆ? ನೀವು ಆರ್‌ಎಂಎಸ್ ಅಂತ ಅಳೀತೀರಲ್ಲ, ಅದು ಬಿಸಿ ಮಾಡೋ ಬಲ ತಾನೇ? ಆರು ವೋಲ್ಟಿಗೆ ಇದು ಹೀಗೆ ಉರಿಯುತ್ತಾ?"

"ಪೆಟ್ಟಿಗೆ ಸೆಕೆಂಡಿಗೆ ಐವತ್ತು ಸಲ ನೋಡಿ ಲೆಕ್ಕ ಹಾಕುತ್ತೆ. ವಾರದ ದಾಖಲೆಯೆಲ್ಲ ಅದರೊಳಗೆ ಹಿಡಿಸ್ಲಿ ಅಂತ ನಾನೇ ಕಮ್ಮಿ ಇಟ್ಟೆ."

"ಕರೆಂಟು ಎಷ್ಟು ಸಲ ಏರಿಳಿಯುತ್ತೆ?"

"ಅದೂ ಐವತ್ತು..." ಅಳಿಯ ಪೆಟ್ಟಿಗೆಯತ್ತ ತಿರುಗಿದ.

"ಪ್ರತಿ ಭಾನುವಾರ ನಮ್ಮನೆಗೆ ಊಟದ ಹೊತ್ತಿಗೇ ಬರ್ತೀರಿ. ನಿಮ್ಮ ಲೆಕ್ಕದಲ್ಲಿ ನಾನು ದಿನವಿಡೀ ಬಡಿಸ್ತಾನೇ ಇರ್ತೀನಿ. ಒಂದ್ಸಲ ಪಾತ್ರೆ ತೊಳೆಯೋ ಹೊತ್ತಿಗೂ ಬಂದು ನೋಡಿ!"

"ಪೆಟ್ಟಿಗೆ ಪ್ರತಿ ಸಲ ಏರಿಳಿತದ ಒಂದೇ ಜಾಗ ನೋಡ್ತಿದೆ. ಆದ್ರೆ ಎರಡು ಐವತ್ತಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತೆ. ಅದಕ್ಕೇ ನೋಡೋ ಜಾಗ ನಿಧಾನಕ್ಕೆ ಜಾರ್ತಿದೆ," ಎಂದು ಗೊಣಗುತ್ತ ಅವನು ಸೆಕೆಂಡಿಗೆ ಐದು ಸಾವಿರ ಸಲಕ್ಕೆ ಬದಲಿಸಿದ. ನೂರಾಹತ್ತು. ಅಲುಗಾಡಲಿಲ್ಲ.

ಅತ್ತೆ ಹೆಬ್ಬೆರಳು ತಿಕ್ಕಿಕೊಂಡಳು. ತಪ್ಪು ಅದರದಲ್ಲ. ಆದರೆ ಅಳಿಯನ ಮುಖ ಯಾಕೆ ಕಪ್ಪಿಟ್ಟಿದೆ?

"ಹೋದ ವಾರ ಕೊನೇ ಮೇಜಿನ ತಾತ ಸುತ್ತಿದ್ದು ಎರಡು ವಾಪಸ್ ಕಳಿಸ್ದೆ, ಅತ್ತೆ. ಇದೇ ಪೆಟ್ಟಿಗೆ. ಕಣ್ಣು ಹೋಯ್ತು ಅಂತ ಅವರು ಕೆಲಸ ಬಿಡೋ ಕಾಗದ ಬರೆದ್ರು. ಇವತ್ತು ಐದಕ್ಕೆ ಸಾಹೇಬ್ರು ಸಹಿ ಹಾಕ್ತಾರೆ."

ಗೋಡೆ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು.

"ಇನ್ನೂ ಕೂತಿದ್ದೀರಲ್ಲ!" ಅತ್ತೆ ಎದ್ದಳು. "ಪೆಟ್ಟಿಗೆ ಎತ್ಕೊಳ್ಳಿ. ಬಲ್ಬು ನಾನು ತರ್ತೀನಿ."