ಎರಡೂ ಎಡತೋಳು

ನಮ್ಮ ಹೊಲಿಗೆ ಅಂಗಡಿಯ ಹೀಟರ್ ಇರುವುದು ಗಿರಾಕಿಗಳಿಗೆ. ಅವರು ಬಾಗಿಲು ತಳ್ಳಿದರೆ ಮಾಸ್ಟರ್ ಸ್ವಿಚ್ ಒತ್ತುತ್ತಾರೆ, ಬೆನ್ನು ತಿರುಗಿಸಿದರೆ ಆರಿಸುತ್ತಾರೆ. ಹೊಲಿಯುವವರಿಗೆ ಪೆಡಲ್ ಇದೆ, ತುಳಿದರೆ ಮೈ ತಾನೇ ಬಿಸಿಯಾಗುತ್ತದೆ ಎನ್ನುವುದು ಅವರ ವಿಜ್ಞಾನ. ಕಾಲು ಚುರುಕಾಗಲೆಂದು ದಿನವಿಡೀ ಡೋಲು ಬಡಿಯುವ ಹಾಡುಗಳು ಬೇರೆ. ಮಾಸ್ಟರಿಗಂತೂ ತಮ್ಮ ಅಪ್ಪನ ಹಳೇ ಕೋಟು ಇದೆ. ಊರಿಗೆಲ್ಲ ಅಳತೆ ಸರಿಮಾಡುವವರು, ಅದರ ಇಳಿಬಿದ್ದ ಭುಜವನ್ನು ಮಾತ್ರ ಮುಟ್ಟಿಲ್ಲ.

ಈ ಚಳಿಯಲ್ಲಿ ಹಾಡಿನ ಪೆಟ್ಟಿಗೆ ಕೆಟ್ಟು ಕೂತಿತು. ಅಷ್ಟು ಬಡಿತ ತಿಂದರೆ ಇನ್ನೇನಾಗುತ್ತದೆ.

"ಯಾರ ಫೋನಲ್ಲಾದ್ರೂ ಹಾಡು ಇದ್ರೆ ಹಾಕ್ರಮ್ಮ. ಸದ್ದಿಲ್ಲದಿದ್ರೆ ನನ್ನ ಕತ್ತರಿ ಓಡಲ್ಲ" ಎಂದರು ಮಾಸ್ಟರ್.

ನನ್ನ ಫೋನಿನಲ್ಲಿದ್ದದ್ದು ಒಂದೇ ಆಲ್ಬಂ. ತಾನೇ ಬರೆದು, ತಾನೇ ಗಿಟಾರ್ ನುಡಿಸಿ ಹಾಡುವ ಒಬ್ಬ ಹೆಂಗಸಿನದು. ನಡುವೆ ಅವಳು ಲೋಟ ಕೆಳಗಿಡುವುದೂ ಕೇಳುತ್ತದೆ, ನಮ್ಮ ಪಕ್ಕದಲ್ಲೇ ಕೂತ ಹಾಗೆ. ಮನೆಯಲ್ಲಿ ಕೇಳಲಾಗದು, ಅಣ್ಣನಿಗೆ ಟಿವಿ ಬೇಕು, ಅತ್ತಿಗೆಗೆ ನಾನು ಬೇಕು. ಅಂಗಡಿಯಲ್ಲಾದರೆ ಚಳಿಗಾಲವಿಡೀ ಕೇಳಬಹುದು. ಹಾಡು ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

ಮೊದಲ ಹಾಡಿಗೇ ಮಾಸ್ಟರ್ ಮುಖ ಸಿಂಡರಿಸಿದರು. "ಇವಳಿಗೆ ನೆಗಡಿಯಾ? ಯಾಕೆ ಗುಟ್ಟು ಹೇಳೋ ಹಾಗೆ ಹಾಡ್ತಾಳೆ?"

"ನಿಮ್ಮ ಹಾಗೆ ಕೂಗೋಕೆ ಬರಲ್ವೇನೋ, ಪಾಪ" ಎಂದಳು ಗುಂಡಿ ಅಜ್ಜಿ. ಕಾಜ ತೆಗೆದು ಗುಂಡಿ ಹಚ್ಚುವುದು ಅವಳ ಕೆಲಸ. ಮಾಸ್ಟರಿಗೆ ಎದುರಾಡುವ ಹಕ್ಕೂ ಅವಳೊಬ್ಬಳದೇ.

"ಇವರ ಕಾಲು ನೋಡಜ್ಜಿ, ಪೆಡಲ್ ಮೇಲೆ ನಿದ್ದೆ ಹೋಗ್ತಿದೆ. ಇವತ್ತೊಂದು ದಿನ ಅಷ್ಟೇ. ನಾಳೆ ಪೆಟ್ಟಿಗೆ ರಿಪೇರಿ ಆಗಿ ಬರುತ್ತೆ."

ನನ್ನ ಚಳಿಗಾಲ ಸಂಜೆಯವರೆಗೆ ಎಂದಾಯಿತು. ತಲೆ ತಗ್ಗಿಸಿ ಹೊಲಿದೆ.

ಮೂರನೇ ಹಾಡು ಹಾಡುವವಳ ಅಪ್ಪನ ಕೋಟಿನ ಬಗ್ಗೆ. ಅಪ್ಪ ಹೋದ ಮೇಲೂ ಮೊಣಕೈ ಬಳಿಯ ಸುಕ್ಕು ಹಾಗೇ ಉಳಿದಿದೆ ಎನ್ನುತ್ತಾಳೆ. ಮಾಸ್ಟರ್ ಕತ್ತರಿಯ ಸದ್ದು ನಿಧಾನವಾಯಿತು. ಇನ್ನೊಂದು ಬೈಗುಳ ಹುಡುಕುತ್ತಿದ್ದಾರೆ ಅಂದುಕೊಂಡೆ.

ಮಧ್ಯಾಹ್ನ ಅವರು ಕೊಟ್ಟ ತುಂಡುಗಳನ್ನು ಜೋಡಿಸಲು ಹೋದರೆ, ಕೋಟಿನ ಎರಡು ತೋಳೂ ಎಡಗೈಗೇ. ಒಂದು ತೋಳು ಕತ್ತರಿಸಿದ ಮೇಲೆ ಕಾಗದದ ಅಚ್ಚನ್ನು ಮಗುಚಿಡಬೇಕು. ಕಲಿಯಲು ಬಂದವರು ಮರೆತರೆ ಮಾಸ್ಟರ್ ವಾರವಿಡೀ ಆಡಿಕೊಳ್ಳುತ್ತಾರೆ. ನಾನು ಎರಡನ್ನೂ ಅವರ ಮುಂದೆ ಹರಡಿದೆ.

ಅಜ್ಜಿ ಕನ್ನಡಕ ಏರಿಸಿದಳು. "ಬಲಗೈ ಇಲ್ಲದ ಗಿರಾಕಿನಾ ಮಾಸ್ಟ್ರೇ? ಎಡಗೈ ಮಾತ್ರ ಎರಡು?"

"ಎಲ್ಲಾ ಆ ಹೆಂಗಸಿಂದ" ಎಂದು ಅವರು ಫೋನಿನ ಕಡೆ ಕತ್ತರಿ ಚಾಚಿದರು. "ಕತ್ತರಿಸೋ ಹೊತ್ತಲ್ಲಿ ಅಪ್ಪನ ಕೋಟಿನ ಸುದ್ದಿ ತೆಗೀತಾರಾ ಯಾರಾದ್ರೂ?"

ನೆಗಡಿಯವಳ ಒಂದು ಮಾತನ್ನೂ ಕೇಳದೆ ಬಿಟ್ಟಿರಲಿಲ್ಲ ಮಹಾನುಭಾವರು. ಹಾಡು ನಿಲ್ಲಿಸಲು ನಾನು ಫೋನಿಗೆ ಕೈ ಚಾಚಿದೆ.

"ಇರಲಿ ಬಿಡಮ್ಮ. ನಾಳೆಯಿಂದ ನನ್ನ ಕಟಿಂಗ್ ಮುಗಿಯೋವರೆಗೆ ಡೋಲು. ಆಮೇಲೆ ಬೇಕಾದ್ರೆ ಇವಳು."

ಅಂದಿನಿಂದ ಅವರ ಕಟಿಂಗ್ ಊಟಕ್ಕೆ ಮೊದಲೇ ಮುಗಿಯುತ್ತಿದೆ. ಈ ವಯಸ್ಸಲ್ಲೂ ಕೈ ಎಷ್ಟು ಚುರುಕು ಎಂದು ಅಜ್ಜಿ ಹೊಗಳುತ್ತಾಳೆ. ಮೂರನೇ ಹಾಡು ಶುರುವಾದರೆ ಮಾಸ್ಟರ್ ಎದ್ದು ಹೀಟರ್ ಹಾಕುತ್ತಾರೆ. ಗಿರಾಕಿ ಯಾರೂ ಇರುವುದಿಲ್ಲ.

ಬಟ್ಟೆಗೆ ಥಂಡಿ ಹತ್ತಬಾರದಂತೆ.