ಪುಟ್ಟಿ ಮಾತಾಡುವ ಸಿನಿಮಾ

ಗ್ರಂಥಾಲಯದ ಗೇಟಿಗೆ ಬ್ಯಾನರ್ ಕಟ್ಟಿದ್ದರು: ತೀರಿಕೊಂಡ ನಾಟಕಕಾರರೊಬ್ಬರು ಬರೆದ ಸಿನಿಮಾಗಳು, ಬೇಸಿಗೆಯುದ್ದಕ್ಕೂ ಪ್ರತಿ ಶನಿವಾರ, ಪ್ರವೇಶ ಉಚಿತ. ಅದನ್ನು ಓದಿದಾಗಿನಿಂದ ಸೂಜಿಯಕ್ಕನಿಗೆ ಕೈಕಾಲೇ ಆಡಲಿಲ್ಲ. ಆ ನಾಟಕಕಾರರ ಕಂಪನಿಗೆ ವೇಷದ ಬಟ್ಟೆ ಹೊಲಿದು ಹೊಲಿದೇ ಅವಳ ಕಣ್ಣು ಮಂಜಾದದ್ದು. ಅವರು ತಮ್ಮದೊಂದು ನಾಟಕವನ್ನು ಸಿನಿಮಾ ಮಾಡಿದಾಗ ಅವಳ ಮಗಳು ಪುಟ್ಟಿ ಅದರಲ್ಲಿ ಹಾಲು ಮಾರುವ ಹುಡುಗಿಯಾಗಿದ್ದಳು. ಶೂಟಿಂಗ್ ಮುಗಿದ ತಿಂಗಳಲ್ಲೇ ಜ್ವರ ಬಂದು ಹೋಗಿಬಿಟ್ಟಳು. ಸಿನಿಮಾ ಬಿಡುಗಡೆಯಾದಾಗ ನೋಡುವ ಧೈರ್ಯ ತಾಯಿಗಿರಲಿಲ್ಲ. ಆಮೇಲೆ ಆ ಸಿನಿಮಾ ಎಲ್ಲೂ ಬರಲೂ ಇಲ್ಲ. ಈಗ, ಈ ಶನಿವಾರ, ಗ್ರಂಥಾಲಯದಲ್ಲಿ ಅದೇ.

ಮುಖ ಮರೆತಿರಲಿಲ್ಲ, ಫೋಟೊ ಇತ್ತು. ದನಿ ಮಾತ್ರ ಜಾರಿಹೋಗುತ್ತಿತ್ತು. ಈಚೆಗೆ ಕಣ್ಣು ಮುಚ್ಚಿ ಕೂತರೆ ಒಂದು "ಅಮ್ಮಾ" ಅಷ್ಟೇ, ತುಸು ಒಡಕಾಗಿ, ತುಸು ಮೂಗಿನಲ್ಲಿ, ಬಂದು ಹೋಗುತ್ತಿತ್ತು.

"ಪುಕ್ಕಟೆ ಸಿನಿಮಾಗೆ ಇಷ್ಟೊಂದು ಇಸ್ತ್ರಿ ಯಾಕಕ್ಕ?" ಎಂದು ತಮ್ಮ ರೇಗಿಸಿದ. ಅದೇ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು.

"ಸುಮ್ನೆ ಬಾರೋ. ನನ್ನ ಮಗಳ ಮಾತು ಕೇಳೋಕೆ ಹೋಗ್ತಿದೀನಿ."

ಅವನ ಮುಖ ಪೆಚ್ಚಾಯಿತು. ಏನೋ ಹೇಳಹೋಗಿ ನುಂಗಿಕೊಂಡ. ಪುಣ್ಯಾತ್ಮ, ಆಗಲೇ ಬಾಯಿ ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು!

ಗ್ರಂಥಾಲಯದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಡುವ ಫ್ಯಾನು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು, ಅಂಚು ಕೂಡ ಮಡಿಸಿ ಹೊಲಿದಿರಲಿಲ್ಲ. ಥೂ ಸೋಮಾರಿಗಳಾ, ಅಂದುಕೊಂಡಳು ಸೂಜಿಯಕ್ಕ. ಅಧ್ಯಕ್ಷರ ಭಾಷಣದ ಕೊರೆತ ಮುಗಿದ ಮೇಲೆ ದೀಪ ಆರಿತು.

ಪುಟ್ಟಿ ಬಂದಳು. ತಾಯಿ ಹೊಲಿದ ಅಂಗಿ, ಗಿಡ್ಡ ಜಡೆ, ಮುರಿದ ಹಲ್ಲು. ಬಾಗಿಲು ತಟ್ಟಿ ಬಾಯಿ ತೆರೆದಳು. "ಅಮ್ಮಾ, ಹಾಲು ತಂದಿದೀನಿ!"

ಸಕ್ಕರೆ ಸುರಿದಂಥ ಸಣ್ಣ ದನಿ. ಯಾರೋ ದೊಡ್ಡ ಹೆಂಗಸು ಮಗುವಿನ ಹಾಗೆ ನಟಿಸಿ ಆಡಿದ್ದು.

"ಇದ್ಯಾರೋ?" ಅವಳು ತಮ್ಮನ ಕೈ ಹಿಡಿದಳು.

"ಡಬ್ಬಿಂಗ್ ಅಂತಾರೆ, ಅಕ್ಕ. ಸಿನಿಮಾದಲ್ಲಿ ಮಾತು ಆಮೇಲೆ ಸೇರಿಸ್ತಾರೆ. ಅಷ್ಟೊತ್ತಿಗೆ ಪುಟ್ಟಿ ಇರಲಿಲ್ವಲ್ಲ."

"ನಿಂಗೆ ಗೊತ್ತಿತ್ತಾ?"

"ಬಿಡುಗಡೆಯಾದಾಗ್ಲೇ ನೋಡಿದ್ದೆ. ನೀನು ಅಷ್ಟು ಆಸೆಯಿಂದ ಹೊರಟಿದ್ದೆ, ಹೆಂಗೆ ಹೇಳ್ಲಿ?"

ನಾಟಕದವಳಿಗೆ ಇದು ಎಲ್ಲಿಂದ ಹೊಳೆಯಬೇಕು? ರಂಗದ ಮೇಲೆ ಯಾರ ಬಾಯೋ ಅವರದೇ ಮಾತು. ಗಂಟಲು ಕಟ್ಟಿದ್ದರೆ ಕಟ್ಟಿದ ಗಂಟಲಲ್ಲೇ ಆಡಬೇಕು.

ಪುಟ್ಟಿ ನಕ್ಕಳು, ಅತ್ತಳು, ಹಾಡಿದಳು, ಎಲ್ಲ ಆ ಹೆಂಗಸಿನ ದನಿಯಲ್ಲೇ. ಸೂಜಿಯಕ್ಕ ಕಿವಿ ಮುಚ್ಚಿಕೊಂಡಳು. ಕೊನೆಗೆ ಜನ ಚಪ್ಪಾಳೆ ತಟ್ಟಿದರು.

ಹೊರಗೆ ಇನ್ನೂ ಬಿಸಿಲಿತ್ತು. "ಮುಖನಾದ್ರೂ ನೋಡಿದ್ಯಲ್ಲ ಅಕ್ಕ," ಎಂದ ತಮ್ಮ. ಅವಳು ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದಳು. ಪುಟ್ಟಿ ಬಂದಳು, ಬಾಯಿ ತೆರೆದು "ಅಮ್ಮಾ" ಅಂದಳು. ಅದೇ ಸಕ್ಕರೆ ದನಿ. ಸೂಜಿಯಕ್ಕ ಮತ್ತೆ ಮತ್ತೆ ಪ್ರಯತ್ನಿಸಿದಳು. ಮತ್ತೆ ಮತ್ತೆ ಅದೇ.

"ಹೋಯ್ತು ಕಣೋ," ಅಂದಳು. "ಇದ್ದದ್ದೊಂದೂ ಹೋಯ್ತು."