ಒಂದೇ ಡ್ರಮ್ಮಿನ ಎಣ್ಣೆ

ಎಣ್ಣೆ ಹದವಾಗಿ ಬೆಚ್ಚಗಿತ್ತು, ವಾಸನೆ ಮಾತ್ರ ಸರಿಯಿರಲಿಲ್ಲ. ವೈದ್ಯೆ ಬೆರಳನ್ನು ಇನ್ನೊಮ್ಮೆ ಪಾತ್ರೆಗೆ ಅದ್ದಿ, ಹೆಬ್ಬೆರಳಿಗೆ ಉಜ್ಜಿ ಮೂಗಿನ ಹತ್ತಿರ ಹಿಡಿದಳು. ಮೊದಲು ಕರ್ಪೂರ, ಅದರ ಬೆನ್ನಿಗೆ ಲವಂಗ. ಈ ತೈಲಕ್ಕೆ ಎರಡನ್ನೂ ಅವಳು ಹೇಳಿರಲಿಲ್ಲ. ಅವುಗಳ ಅಡಿಯಲ್ಲಿ, ಬಾಗಿಲ ಸಂದಿಯಿಂದ ಇಣುಕುವವರ ಹಾಗೆ, ತಲೆನೋವಿನ ಮುಲಾಮಿನ ಘಾಟು.

ಆ ಮುಲಾಮು ದರ್ಜಿಯದು. ಇಡೀ ದಿನ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂರುವ ಮನುಷ್ಯ, ಹಣೆಗೆ ಅದನ್ನು ಬಳಿದುಕೊಳ್ಳದೆ ಮನೆಯಿಂದ ಹೊರಡುತ್ತಿರಲಿಲ್ಲ. ನಿನ್ನೆ ಅವನ ಕತ್ತಿನ ಹಿಂದೆ ದುಂಡಗೆ ಕೆಂಪು ಕಟ್ಟಿದ್ದ ಹುಳುಕಡ್ಡಿ ಕಂಡು ವೈದ್ಯೆ ಎಣ್ಣೆಯ ಉಪಚಾರ ನಿಲ್ಲಿಸಿದ್ದಳು. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ. ಅವನ ಜಾಡಿಯ ಎಣ್ಣೆಯನ್ನು ಚೆಲ್ಲಿಬಿಡಿ ಎಂದೂ ಹೇಳಿದ್ದಳು.

"ಇದು ಯಾರ ಎಣ್ಣೆ?"

ಉಪಚಾರಕಿ ಟವೆಲ್ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. "ಟೀಚರಮ್ಮಂದು. ಈಗ ಅವರ ತಲೆಗೇ ಅಲ್ವಾ ಧಾರೆ ಬಿಡೋದು."

"ಅವರ ಜಾಡಿಯಿಂದಲೇ ತಗೊಂಡ್ರಾ?"

ಟವೆಲ್ ಮತ್ತೊಂದು ಮಡಿಕೆಯಾಯಿತು. ಗೋಡೆಯ ಹಲಗೆಯ ಮೇಲೆ ಜಾಡಿಗಳು ಸಾಲಾಗಿ ನಿಂತಿದ್ದವು, ಒಂದೊಂದರ ಕೊರಳಿಗೂ ಒಂದೊಂದು ಬಣ್ಣದ ದಾರ. ಇದು ವೈದ್ಯೆಯೇ ತಂದ ಕ್ರಮ. ಒಬ್ಬರ ಮೈಮೇಲಿಂದ ಇಳಿದ ಎಣ್ಣೆಯನ್ನು ಸೋಸಿ ಮೂರು ದಿನದವರೆಗೆ ಅವರಿಗೇ ಬಳಸಬಹುದು, ಇನ್ನೊಬ್ಬರಿಗೆ ಒಂದು ಹನಿಯೂ ಇಲ್ಲ. ಟೀಚರಮ್ಮನ ಹಳದಿ ದಾರದ ಜಾಡಿಯನ್ನು ಅವಳು ಎತ್ತಿದಳು. ಹಗುರವಾಗಿತ್ತು. ಒಳಗೆ ಒಂದು ಜೇಡ ಸತ್ತು ಒಣಗಿತ್ತು.

"ನನ್ನ ಕೇಳ್ಬೇಡಿ ಡಾಕ್ಟ್ರಮ್ಮ, ಹೇಳಿದ್ದು ಮಾಡೋಳು ನಾನು," ಎಂದಳು ಉಪಚಾರಕಿ. "ಸಿಂಕಿನ ಕೆಳಗೆ ನೋಡಿ."

ಸಿಂಕಿನ ಕೆಳಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಬಾಯಿಗೆ ಬಿಗಿದ ಬಿಳಿ ಬಟ್ಟೆ. ಬಟ್ಟೆ ಈಗ ಬಿಳಿಯಾಗಿ ಉಳಿದಿರಲಿಲ್ಲ. ಅದರ ಮೇಲೆ ಕೂದಲು ಸುರುಳಿ ಸುತ್ತಿಕೊಂಡು ಬಿದ್ದಿತ್ತು: ನರೆತದ್ದು, ಕಪ್ಪಗಿನದು, ಬುಡ ಬೆಳ್ಳಗಾಗಿ ತುದಿ ಕೆಂಪಗಿದ್ದದ್ದು. ಚರ್ಮದ ಹೊಟ್ಟು ಎಣ್ಣೆಯಲ್ಲಿ ನೆಂದು ಉಬ್ಬಿತ್ತು. ಗಾಯದ ಪಟ್ಟಿಯೊಂದರ ತುಂಡು ಅಂಚಿಗೆ ಅಂಟಿತ್ತು. ವೈದ್ಯೆ ಕೀವು ನೋಡಿದವಳು, ಮಲ ನೋಡಿದವಳು, ರೋಗಿಯ ವಾಂತಿಯ ಬಣ್ಣ ನೋಡಿ ಔಷಧಿ ಬದಲಿಸಿದವಳು. ಯಾವುದಕ್ಕೂ ಅವಳಿಗೆ ಹೇಸಿಗೆಯಾಗಿರಲಿಲ್ಲ. ಅವೆಲ್ಲ ಕಾಯಿಲೆಯಿಂದ ಬಂದವು. ಈ ಬಟ್ಟೆಯನ್ನು ಯಾರೋ ಅಳತೆ ನೋಡಿ ಕತ್ತರಿಸಿ, ಅಂದವಾಗಿ ಗಂಟು ಹಾಕಿ ಕಟ್ಟಿದ್ದರು.

ಭಾವ ತನ್ನ ಕೋಣೆಯಲ್ಲಿ ಕರವಸ್ತ್ರದಿಂದ ಕಾಫಿ ಕಪ್ಪು ಒರೆಸುತ್ತಿದ್ದ. ಗಂಡನ ಅಣ್ಣನಾದ ಅವನೇ ಈ ಚಿಕಿತ್ಸಾ ಕೇಂದ್ರದ ಯಜಮಾನ. ಅದಕ್ಕೆ ಮೊದಲು ಕರಿದ ತಿಂಡಿಯ ಅಂಗಡಿ ಇಟ್ಟಿದ್ದವನು. ತನ್ನ ಅಂಗಡಿಯದನ್ನು ತಾನು ಒಂದು ಸಲವೂ ಬಾಯಿಗಿಟ್ಟವನಲ್ಲ ಎಂದು ಓರಗಿತ್ತಿ ಈಗಲೂ ಹೇಳಿಕೊಂಡು ನಗುತ್ತಿದ್ದಳು. ನೆಂಟರ ಮನೆಗೆ ಹೋದರೂ ಅವನ ಜೇಬಿನಲ್ಲಿ ಅವನದೇ ಚಮಚ.

"ಭಾವ, ಆ ಡ್ರಮ್ಮು..."

"ಕೂತ್ಕೋಮ್ಮ. ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ?"

"ಅದರಲ್ಲಿ ಹುಳುಕಡ್ಡಿ ಇರೋರ ಮೈಯಿಂದ ಇಳಿದಿದ್ದೂ ಇದೆ. ಅದನ್ನ ಟೀಚರಮ್ಮನ ತಲೆಗೆ ಬಿಡೋಕೆ ಕಾಯಿಸಿದ್ದಾರೆ."

"ಕಾಯಿಸಿದ್ರೆ ಎಲ್ಲಾ ಸಾಯ್ತವೆ. ನನ್ನ ಬಾಣಲೆ ನೀನು ನೋಡಿಲ್ವಾ? ಎಣ್ಣೆ ಚೆಲ್ಲಿದೋನು ಉದ್ಧಾರ ಆಗಿದ್ದುಂಟಾ?"

"ಇದು ಬಾಣಲೆ ಅಲ್ಲ. ಒಬ್ಬೊಬ್ಬರ ಪ್ರಕೃತಿಗೆ ಒಂದೊಂದು ತೈಲ ಮಾಡಿಸಿದ್ದೀನಿ."

"ನೀನೇ ತಾನೇ ಪಾಠ ಮಾಡೋಳು, ಮೈಯಲ್ಲಿ ಎಲ್ಲಾ ಸಮ ಇರ್ಬೇಕು ಅಂತ?" ಭಾವ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದ. "ವಾತದೋರ್ದು ಒಂಚೂರು, ಪಿತ್ತದೋರ್ದು ಒಂಚೂರು, ಕಫದೋರ್ದು ಒಂಚೂರು. ಎಲ್ಲಾ ಒಂದೇ ಡ್ರಮ್ಮಿಗೆ ಬಿದ್ರೆ ಅದಕ್ಕಿಂತ ಸಮ ಇನ್ನೇನು ಬೇಕು ನಿಂಗೆ?"

ಹೇಳಿ ತಾನೇ ನಕ್ಕ. ಅದು ಪೂರ್ತಿ ತಮಾಷೆಯಲ್ಲ, ಅರ್ಧದಷ್ಟಾದರೂ ಅವನು ಅದನ್ನು ನಂಬಿದ್ದಾನೆ ಎಂದು ವೈದ್ಯೆಗೆ ಹೊಳೆದದ್ದು ಆಮೇಲೆ.

"ಇವತ್ತು ಧಾರೆ ಬೇಡ ಭಾವ."

"ಹೊಸ ರೋಗಿಗಳು ಬಂದು ಕೂತಾಗಿದೆ. ಟೀಚರಮ್ಮನ ಮೇಲೆ ಮಾಡಿ ತೋರಿಸ್ತೀವಿ ಅಂತ ಹೇಳಿದ್ದೂ ಆಗಿದೆ." ಅವನು ಕರವಸ್ತ್ರವನ್ನು ನಾಲ್ಕು ಮೂಲೆ ಕೂಡಿಸಿ ಮಡಚಿದ. "ಅದಿರಲಿ, ತಮ್ಮ ಹೇಗಿದ್ದಾನೆ? ಬೆನ್ನು ಪರವಾಗಿಲ್ವಾ? ಮೇಲಿನ ಮನೆಗೆ ನೀರು ಸರಿಯಾಗಿ ಬರ್ತಿದೆ ತಾನೇ?"

ಮೇಲಿನ ಮನೆ ಭಾವನದು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಕೆಲಸ ಬಿಟ್ಟ ಅವಳ ಗಂಡ ಅಲ್ಲಿಯೇ ಮಲಗಿರುತ್ತಿದ್ದ. ಕೇಳಿದ್ದು ನೀರಿನ ವಿಚಾರವಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬರ್ತಿದೆ," ಎಂದಳು.

ಉಪಚಾರದ ಕೋಣೆಯಲ್ಲಿ ಹೊಸಬರು ಗೋಡೆಗೆ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಕೂತಿದ್ದರು. ಮಧ್ಯದಲ್ಲಿ ಮರದ ಮೇಜು, ಅದರ ತಲೆದೆಸೆಗೆ ತೂಗುಬಿಟ್ಟ, ಕಾಯಿಸಿದ ಎಣ್ಣೆ ತುಂಬಿದ್ದ ತಾಮ್ರದ ಪಾತ್ರೆ. ಟೀಚರಮ್ಮ ಮೊದಲ ಕುರ್ಚಿಯಲ್ಲಿದ್ದರು. ನಿವೃತ್ತರಾದ ಮೇಲೆ ನಿದ್ದೆ ಬಿಟ್ಟುಹೋಗಿತ್ತು. ಮಲಗಿದಲ್ಲೇ ತಲೆ ಕೆರೆದುಕೊಂಡು ಗೀರು ಮಾಡಿಕೊಂಡಿದ್ದರು. ಧಾರೆ ಶುರುವಾದ ಮೇಲೆ ಒಂದಿಷ್ಟು ಕಣ್ಣು ಹತ್ತುತ್ತಿದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ವೈದ್ಯೆ ಪ್ರತಿ ಸಲ ಹೇಳುವುದನ್ನೇ ಹೇಳಿದಳು. ಮೈಯಲ್ಲಿ ಚಲಿಸುವುದೆಲ್ಲ ವಾತ, ಬೇಯಿಸುವುದೆಲ್ಲ ಪಿತ್ತ, ಹಿಡಿದಿಡುವುದೆಲ್ಲ ಕಫ. ಆಮೇಲೆ ಬಾಗಿಲ ಬಳಿ ನಿಂತಿದ್ದ ಭಾವನ ಕಡೆ ನೋಡಿದಳು.

"ಸಮ ಅಂದ್ರೆ ಮೂರನ್ನೂ ಒಂದೇ ತೂಕ ಮಾಡಿ ಕಲಸೋದಲ್ಲ. ಅವರವರ ಮೈಗೆ ಅವರವರ ಅಳತೆ ಹುಟ್ಟುವಾಗಲೇ ಬಂದಿರುತ್ತೆ. ಅದು ಕೆಟ್ಟಾಗ ಮೈ ತಾನೇ ಹೇಳುತ್ತೆ. ಸೀನು, ಆಕಳಿಕೆ, ಹಸಿವು, ವಾಂತಿ, ಮೂತ್ರ, ಇವು ಬಂದಾಗ ತಡೀಬಾರದು. ತಡೆದರೆ ಕಾಯಿಲೆ."

"ಅದೆಲ್ಲ ಕೂತು ಕೆಲಸ ಮಾಡೋರಿಗೆ ತಾಯಿ," ಎಂದ ಹಿಂದಿನ ಸಾಲಿನ ಬಸ್ ಚಾಲಕ. "ನಾನು ತಡೀಲಿಲ್ಲ ಅಂದ್ರೆ ಅರವತ್ತು ಜನ ನಡುದಾರೀಲಿ ಇಳಿದು ನನ್ನೇ ನೋಡ್ತಾ ನಿಂತಿರ್ತಾರೆ."

ಎಲ್ಲರೂ ನಕ್ಕರು. ಟೀಚರಮ್ಮ ತಿರುಗಿ, "ತಡೀಬೇಕಾದ್ದು ಏನೂ ಇಲ್ವೇನಮ್ಮ ಹಾಗಾದ್ರೆ?" ಎಂದರು, ತರಗತಿಯಲ್ಲಿ ಕೇಳುವ ಹಾಗೆ.

"ಇದೆ. ಆಸೆಬುರುಕುತನ. ಭಯ."

ಎರಡನೆಯ ಮಾತು ಬಾಯಿಂದ ಬಿದ್ದಾಗ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವೆನಿಸಿತು. ಅಷ್ಟರಲ್ಲಿ ಭಾವ ಕೈ ತಟ್ಟಿ ಮುಂದೆ ಬಂದ.

"ಮಾತು ಸಾಕು ಡಾಕ್ಟ್ರೇ, ಮಾಡಿ ತೋರಿಸೋಣ. ಟೀಚರಮ್ಮ, ಬನ್ನಿ."

ಟೀಚರಮ್ಮ ತಲೆಗೆ ಕಟ್ಟಿದ್ದ ಬಟ್ಟೆಯ ಗಂಟಿಗೆ ಕೈ ಹಾಕಿದರು.

"ನೀವು ಕೂತಿರಿ ಟೀಚರಮ್ಮ," ಎಂದಳು ವೈದ್ಯೆ. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. "ನಮ್ಮ ಭಾವ ಊರಿಗೆಲ್ಲ ಧಾರೆ ಮಾಡಿಸ್ತಾರೆ, ತಾವು ಒಂದು ಸಲನೂ ಮಲಗಿಲ್ಲ. ಇವತ್ತು ಯಜಮಾನರ ಮೇಲೇ ತೋರಿಸೋಣ. ಎಣ್ಣೆ ಹೇಗೂ ಕಾದಿದೆ."

ಭಾವ ಪಾತ್ರೆಯನ್ನು ನೋಡಿದ, ಆಮೇಲೆ ಅವಳನ್ನು. "ನಂಗೆ ನೆಗಡಿ ಕಣಮ್ಮ."

"ಮಲಗಿ ಸಾರ್," ಎಂದ ಚಾಲಕ. "ಮದುವೆ ಗಂಡಿನ ಥರ ನಾಚ್ಕೊಂಡ್ರೆ ಹೇಗೆ?"

ಕುರ್ಚಿಗಳಿಂದ ಚಪ್ಪಾಳೆ ಬಂತು. ಭಾವ ಮೇಜಿನ ತಲೆದಿಂಬಿನ ಮೇಲೆ ತನ್ನ ಕರವಸ್ತ್ರ ಹಾಸಿ ಮಲಗಿದ.

ವೈದ್ಯೆ ಪಾತ್ರೆಯ ತಳದ ತೂತಿಗೆ ಸಿಕ್ಕಿಸಿದ್ದ ಬತ್ತಿಯನ್ನು ಸಡಿಲಿಸಿದಳು. ಎಣ್ಣೆ ನೂಲಿನಂತೆ ಇಳಿದು ಅವನ ಹಣೆಯ ನಡುವೆ ಬಿತ್ತು. ಅವಳು ಪಾತ್ರೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೂಗಿದಳು. ಭಾವ ಮುಗುಳ್ನಗುತ್ತಿದ್ದ. ಹಾಗೆ ನಗಬಲ್ಲ ಮನುಷ್ಯನನ್ನು ಕಂಡು ಅವಳಿಗೆ ಡ್ರಮ್ಮಿನ ಬಟ್ಟೆ ಕಂಡಾಗಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು. "ಆಹಾ, ಹಗುರ," ಎಂದ, ಕುರ್ಚಿಗಳಿಗೆ ಕೇಳುವ ಹಾಗೆ. ಎಣ್ಣೆ ಬೋಳುತಲೆಯ ಮೇಲೆ ಹರಡಿ ಕಿವಿಯ ಹಿಂದೆ ಇಳಿಯಿತು. ಒಂದು ಎಳೆ ದಾರಿ ತಪ್ಪಿ ಹುಬ್ಬು ದಾಟಿ, ಮೂಗಿನ ಪಕ್ಕದಲ್ಲಿ ಜಾರಿ, ತುಟಿಯ ಮೂಲೆಗೆ ಬಂತು. ಅದರ ಜೊತೆ ಉದ್ದನೆಯ ಬಿಳಿ ಕೂದಲೊಂದು ತೇಲಿ ಬಂದು ಅವನ ಕೆನ್ನೆಗೆ ಅಂಟಿಕೊಂಡಿತು.

ಅವಳು ಅದನ್ನು ತೆಗೆಯಲಿಲ್ಲ.

ನಾಲಿಗೆಯ ತುದಿ ತಾನಾಗಿ ತುಟಿಯ ಮೂಲೆಗೆ ಬಂತು, ತಟ್ಟನೆ ಒಳಗೆ ಹೋಯಿತು. ನಗು ಹಾಗೇ ಇತ್ತು. ಗಂಟಲು ಮಾತ್ರ ಒಮ್ಮೆ ಮೇಲೇರಿ ಇಳಿಯಿತು, ಮತ್ತೆ ಏರಿತು.

"ತಡೀಬೇಡಿ ಭಾವ," ಎಂದಳು, ಅವನಿಗಷ್ಟೇ ಕೇಳುವಂತೆ.

ಭಾವ ಎದ್ದ. ಕೈಯನ್ನು ಬಾಯಿಗೆ ಒತ್ತಿಕೊಂಡು ಜಾರುತ್ತ ಬಚ್ಚಲಿನ ಬಾಗಿಲು ತಳ್ಳಿದ. ಒಳಗಿನ ಸದ್ದು ಕುರ್ಚಿಗಳವರೆಗೂ ಬಂತು. ನಗಲು ಬಾಯಿ ತೆರೆದ ಚಾಲಕ ಅಷ್ಟಕ್ಕೇ ನಿಲ್ಲಿಸಿದ. ಆಮೇಲೆ ನಲ್ಲಿಯ ಸದ್ದು, ಅದರ ನಡುವೆ ಮತ್ತೆ ಕಾರಿಕೊಂಡ ಸದ್ದು.

"ಎಣ್ಣೆ ಆಗಿಬರ್ಲಿಲ್ವೇ ಅವರಿಗೆ?" ಎಂದರು ಟೀಚರಮ್ಮ.

ಪಿತ್ತ ಜಾಸ್ತಿ ಎಂದರೆ ಸಾಕಿತ್ತು. ಎಲ್ಲರೂ ತಲೆದೂಗುತ್ತಿದ್ದರು. ಮೇಲಿನ ಮನೆಗೆ ನೀರು ಬರುತ್ತಿತ್ತು. ಟವೆಲಿನ ಅಟ್ಟಿಯನ್ನು ಎದೆಗವಚಿಕೊಂಡು ಉಪಚಾರಕಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಅದು ಅವರ ಎಣ್ಣೆ ಅಲ್ಲ," ಎಂದಳು ವೈದ್ಯೆ. "ನಿಮ್ಮದೂ ಅಲ್ಲ. ಬೇರೆಯವರ ಮೈಮೇಲಿಂದ ಇಳಿದಿದ್ದನ್ನೆಲ್ಲ ಒಂದೇ ಡ್ರಮ್ಮಿಗೆ ಸೋಸಿ ಕಾಯಿಸಿದ್ದು. ಅದರಲ್ಲಿ ಅಂಟುರೋಗದವರದ್ದೂ ಇದೆ. ಯಾರೂ ಮುಟ್ಟಿಸ್ಕೋಬೇಡಿ."

ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಟೀಚರಮ್ಮ ಏಳಲಿಲ್ಲ.

"ಮೊನ್ನೆ ನನಗೆ ಬಿಟ್ಟಿದ್ದು?"

ವೈದ್ಯೆ ಉಪಚಾರಕಿಯ ಕಡೆ ನೋಡಿದಳು. ಅವಳು ನೆಲ ನೋಡಿದಳು.

"ಗೊತ್ತಿಲ್ಲ," ಎಂದಳು ವೈದ್ಯೆ.

ಟೀಚರಮ್ಮನ ಕೈ ತಲೆಯ ಕಡೆಗೆ ಎದ್ದು, ಬಟ್ಟೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಹಿಡಿಯುವವರಿಲ್ಲದ ತಾಮ್ರದ ಪಾತ್ರೆ ಎಡಕ್ಕೆ, ಬಲಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ತೂಗಾಡಿ ಮೆಲ್ಲನೆ ನಟ್ಟನಡುವೆ ಬಂದು ನಿಂತಿತು. ಎಣ್ಣೆಯ ನೂಲು ತುಂಡಾಗದೆ ಇಳಿಯುತ್ತ, ಖಾಲಿ ಮೇಜಿನ ಮೇಲೆ ಮಡಚಿ ಹಾಸಿದ್ದ ಕರವಸ್ತ್ರದ ತಗ್ಗಿನಲ್ಲಿ ತುಂಬಿಕೊಳ್ಳುತ್ತಿತ್ತು.